ಒಬ್ಬಳಿಗೆ ಬೇಯಿಸಿದ ಸಪ್ಪೆ ಸಾರು

ನನಗೆ ಕಾಯಿಲೆ ಇದೆ ಎಂದು ಗೊತ್ತಾದ ದಿನ ನನ್ನ ಮೈಯಲ್ಲಿ ಎಲ್ಲೂ ನೋವಿರಲಿಲ್ಲ. ಬೆಳಿಗ್ಗೆ ಶಾಲೆಯ ಮಕ್ಕಳಿಗೆಲ್ಲ ಅನ್ನ ಬಸಿದು, ಸಾಂಬಾರಿಗೆ ಒಗ್ಗರಣೆ ಹಾಕಿ, ಮೊಟ್ಟೆ ಸುಲಿದು ತಪ್ಪಲೆಯಲ್ಲಿ ಜೋಡಿಸಿ, ಸೆರಗಿನಲ್ಲಿ ಮುಖ ಒರೆಸಿಕೊಳ್ಳುತ್ತ ಅಡುಗೆಮನೆಯಿಂದ ಹೊರಗೆ ಬಂದಿದ್ದೆ. ಅವತ್ತು ಟೀಚರುಗಳ ಆರೋಗ್ಯ ನೋಡಲು ಕೆಲಮಂಗಲದಿಂದ ನರ್ಸ್ ಬಂದಿದ್ದರು. ಎಲ್ಲರದೂ ಮುಗಿದಿತ್ತು. ಹೆಡ್ಮಿಸ್ಸು ನನ್ನನ್ನು ನೋಡಿ, "ರತ್ನಮ್ಮಾ, ನೀವೂ ಒಂದ್ಸಲ ಕೈ ಕೊಡಿ" ಎಂದರು. ತಮಾಷೆಗೆ ಕೊಟ್ಟಂತೆ ಕೊಟ್ಟೆ.

ನರ್ಸ್ ಪಟ್ಟಿ ಸುತ್ತಿ ಗಾಳಿ ಒತ್ತಿದರು. ಬಿಚ್ಚಿ ಮತ್ತೆ ಸುತ್ತಿದರು. ಆಮೇಲೆ ಇನ್ನೊಂದು ಕೈ ಕೇಳಿದರು.

"ತಲೆ ಸುತ್ತೋದು, ಎದೆ ನೋವು, ಏನಾರ ಅದಾ ಅಕ್ಕಾ?"

"ಏನೂ ಇಲ್ಲಮ್ಮ."

"ನಿದ್ದೆ?"

"ಮಲಗಿದ್ರೆ ಬೆಳಗಾಯ್ತದೆ."

ಅವರು ನಗಲಿಲ್ಲ. ಚೀಟಿಯಲ್ಲಿ ನೂರ ತೊಂಬತ್ತು ಎಂದು ಬರೆದು, ಗೆರೆ ಎಳೆದು, ಕೆಳಗೆ ನೂರ ಹತ್ತು ಎಂದು ಬರೆದರು. ಆ ಅಂಕಿ ದೊಡ್ಡದಾದರೆ ಒಳ್ಳೆಯದೋ ಕೆಟ್ಟದ್ದೋ, ಅದೂ ನನಗೆ ತಿಳಿದಿರಲಿಲ್ಲ. "ನಾಳೆಗೆ ನಾಳೇನೇ ಆಸ್ಪತ್ರೆಗೆ ಬಂದ್ಬುಡಿ, ಒಬ್ರೇ ಬರ್ಬೇಡಿ" ಎಂದರು. ಆಗ ನನಗೆ ನಲವತ್ತೇಳು ವರ್ಷ.

ನಾನು ಒಬ್ಬಳೇ ಹೋದೆ. ಮದುವೆಯಾದ ಐದನೇ ವರ್ಷಕ್ಕೆ ನನ್ನ ಗಂಡ ತೀರಿಕೊಂಡ. ಮಕ್ಕಳಿರಲಿಲ್ಲ. ತವರಿಗೆ ವಾಪಸು ಬಂದಾಗ ಅಣ್ಣ ತನ್ನ ಮನೆಯ ಗೋಡೆಗೆ ಸೇರಿಸಿ ನನಗೆ ಎರಡು ಕೋಣೆ ಕಟ್ಟಿಸಿಕೊಟ್ಟ. ಆ ವರ್ಷವೇ ಶಾಲೆಯ ಅಡುಗೆ ಕೆಲಸವೂ ಸಿಕ್ಕಿತು. ಅಣ್ಣನಿಗೆ ಹೊಸೂರಿನ ಫ್ಯಾಕ್ಟರಿಯಲ್ಲಿ ಪಾಳಿ ಕೆಲಸ. ರಾಯಕೋಟೆ ಕಡೆ ಒಂದಿಷ್ಟು ಹೊಲ, ಅದನ್ನು ಅತ್ತಿಗೆ ನೋಡಿಕೊಳ್ಳುತ್ತಾಳೆ. ಅವನಿಗೆ ರಜೆ ಹಾಕಿಸುವುದು ಬೇಡ, ಅವಳಿಗೆ ಟೊಮೇಟೊ ಕೀಳುವ ದಿನ, ಹಾಗೆಂದು ನನಗೆ ನಾನೇ ಹೇಳಿಕೊಂಡು ಬಸ್ಸು ಹತ್ತಿದೆ.

ಆಸ್ಪತ್ರೆಯ ಬೆಂಚಿನ ಮೇಲೆ ನನ್ನಂಥವರು ಇಪ್ಪತ್ತು ಇಪ್ಪತ್ತೈದು ಜನ ಕೂತಿದ್ದರು. ಎಲ್ಲರ ಕೈಯಲ್ಲೂ ಮೂಲೆ ಮಡಚಿಹೋದ ನೋಟುಪುಸ್ತಕ. ನನ್ನ ಕೈಯಲ್ಲಿ ಬರೀ ಚೀಟಿ. ಪಕ್ಕದ ಮುದುಕರೊಬ್ಬರು ತೆಲುಗಿನಲ್ಲಿ ಬಸ್ಸು ತಡವಾದದ್ದರ ಬಗ್ಗೆ ಯಾರಿಗೋ ಹೇಳುತ್ತಿದ್ದವರು ನನ್ನ ಕಡೆ ತಿರುಗಿ, ಯಾವ ಊರು ಎಂದು ಕೇಳುವಷ್ಟೇ ಸಲೀಸಾಗಿ, "ಶುಗರ್ರಾ, ಬಿಪೀನಾ?" ಎಂದು ಕೇಳಿದರು. ಬಿಪಿ ಎಂದೆ. "ಸರಿ ಬುಡು" ಎಂದು ಮತ್ತೆ ಬಸ್ಸಿನ ಮಾತಿಗೆ ಹೋದರು. ಆ ಕ್ಷಣಕ್ಕೆ ನನಗೆ ಅಳು ಬಂತು. ಯಾಕೆಂದು ಇವತ್ತಿಗೂ ಗೊತ್ತಿಲ್ಲ.

ಡಾಕ್ಟರಮ್ಮ ಚಿಕ್ಕ ವಯಸ್ಸಿನವರು, ಸೇಲಂ ಕಡೆಯವರಂತೆ. ತಮಿಳಿನಲ್ಲಿ ಮಾತಾಡಿದರು. ನಮ್ಮದು ತಮಿಳುನಾಡಿಗೆ ಸೇರಿದ ಗಡಿ ಊರು, ನಾನು ಓದಿದ್ದು ಹತ್ತನೆಯವರೆಗೆ ಕನ್ನಡದಲ್ಲಿ. ಆದರೂ ದಿನವೂ ಶಾಲೆಯಲ್ಲಿ, ಸಂತೆಯಲ್ಲಿ ತಮಿಳು ಆಡಿದವಳು. ಅವತ್ತು ಮಾತ್ರ ಅವರ ಒಂದೊಂದು ಮಾತೂ ನನಗೆ ಅರ್ಧ ನಿಮಿಷ ತಡವಾಗಿ ಅರ್ಥವಾಗುತ್ತಿತ್ತು. ಭಯವಾದಾಗ ಮನಸ್ಸು ಒಂದೇ ಭಾಷೆಗೆ ಓಡಿಹೋಗುತ್ತದೆ ಎಂದು ಆಗಲೇ ಕಂಡುಕೊಂಡದ್ದು. ಉಪ್ಪು ಕಡಿಮೆ ಮಾಡಿ, ಉಪ್ಪಿನಕಾಯಿ, ಹಪ್ಪಳ, ಒಣಮೀನು ಬಿಡಿ, ದಿನಾ ಅರ್ಧ ಗಂಟೆ ನಡೆಯಿರಿ, ಮಾತ್ರೆ ಒಂದು ದಿನವೂ ತಪ್ಪಿಸಬೇಡಿ ಎಂದರು. ಏಳುವಾಗ "ಭಯಪ್ಪಡಾದೀಂಗಮ್ಮಾ" ಎಂದು ಕೈ ಮುಟ್ಟಿದರು. ಹೆದರಬೇಡಿ ಎಂದು. ಅದೊಂದು ಮಾತ್ರ ಆಗಲೇ ಅರ್ಥವಾಯಿತು.

ಸಂಜೆ ಅಣ್ಣನಿಗೆ ಹೇಳಿದೆ. ಅವನು ಬೂಟು ಬಿಚ್ಚುತ್ತಿದ್ದ.

"ಬಿಪೀನಾ? ನಮ್ ಲೈನಲ್ಲಿ ಅರ್ಧ ಜನಕ್ಕೆ ಅದೆ. ಮಾತ್ರೆ ನುಂಗ್ಕೊಂಡು ಓವರ್‌ಟೈಮ್ ಮಾಡ್ತಾರೆ. ಅದಕ್ಕೆಲ್ಲ ತಲೆ ಕೆಡಿಸ್ಕೋಬೇಡ."

ಧೈರ್ಯ ಹೇಳಲೆಂದೇ ಅಂದದ್ದು. ಆದರೆ ಬಸ್ಸಿನಲ್ಲಿ ಬರುವಾಗ ಅವನಿಗೆ ಹೇಳಬೇಕೆಂದು ಜೋಡಿಸಿಟ್ಟುಕೊಂಡಿದ್ದ ಮಾತುಗಳಿಗೆಲ್ಲ ಜಾಗವೇ ಇಲ್ಲದಂತಾಯಿತು.

ಅತ್ತಿಗೆಯೂ ಕೇಳಿಸಿಕೊಂಡಳು. ಅವಳ ಮುಖ ಸಣ್ಣದಾಯಿತು. ನಾನು ಆ ಮನೆಗೆ ವಾಪಸು ಬಂದ ದಿನದಿಂದ ಸಂಜೆ ಏಳಕ್ಕೆ ಅವಳು ಒಂದು ಸ್ಟೀಲ್ ಬಟ್ಟಲಲ್ಲಿ ಸಾರು ತಂದು ನನ್ನ ಹೊಸ್ತಿಲಲ್ಲಿ ಇಟ್ಟು ಹೋಗುತ್ತಿದ್ದಳು. ಒಂದು ದಿನ ಬಸ್ಸಾರು, ಒಂದು ದಿನ ಉಪ್ಸಾರು, ಅವರೆಕಾಯಿ ಕಾಲದಲ್ಲಿ ಹಿದುಕಿದ ಬೇಳೆ. ನಾನು ಮುದ್ದೆ ಮಾತ್ರ ತಿರುವಿಕೊಳ್ಳುತ್ತಿದ್ದೆ. ಮಾರನೆಯ ಸಂಜೆ ಬಟ್ಟಲು ಬರಲಿಲ್ಲ. ಎಂಟಾಯಿತು. ಗೋಡೆಯಾಚೆ ತಟ್ಟೆಗಳ ಸದ್ದು, ಅಣ್ಣನ ಕೆಮ್ಮು, ಟಿವಿ ಎಲ್ಲ ಕೇಳುತ್ತಿತ್ತು. ಹೋಗಿ ಕೇಳಿದೆ.

"ನಮ್ ಸಾರಲ್ಲಿ ಉಪ್ಪು ಖಾರ ಜಾಸ್ತಿ ಕಣಮ್ಮ. ನಿಂಗಾಗಲ್ಲ. ನೀನು ಬ್ಯಾರೆ ಮಾಡ್ಕೊ" ಎಂದಳು, ನನ್ನ ಮುಖ ನೋಡದೆ.

ಅವಳು ಹೇಳಿದ್ದು ಸರಿ. ಡಾಕ್ಟರೂ ಅದನ್ನೇ ಹೇಳಿದ್ದು. ಆದರೂ ಅವತ್ತು ಒಂದು ಹಿಡಿ ಬೇಳೆ ಬೇಯಿಸಿ, ಒಂದು ಟೊಮೇಟೊ ಕಿವುಚಿ, ಒಬ್ಬಳಿಗೆ ಸಾರು ಮಾಡಲು ಕೂತಾಗ ನನಗೆ ಅಳತೆಯೇ ಸಿಗಲಿಲ್ಲ. ಇಪ್ಪತ್ತೆರಡು ವರ್ಷ ನೂರು ನೂರೈವತ್ತು ಜನಕ್ಕೆ ಬೇಯಿಸಿದ ಕೈ. ನೀರು ಹೆಚ್ಚಾಯಿತು. ಉಪ್ಪಿಲ್ಲದ ಆ ನೀರಿನಲ್ಲಿ ಮುದ್ದೆ ಅದ್ದಿ ನುಂಗಿದೆ. ಗಂಡ ಸತ್ತಾಗಲೂ ಊಟದ ಮುಂದೆ ನಾನು ಅಷ್ಟು ಒಂಟಿಯಾಗಿರಲಿಲ್ಲ.

ನಡೆಯುವುದು ಇನ್ನೊಂದು ಪಾಡು. ನಮ್ಮ ಕಡೆ ಹೆಂಗಸು ಸುಮ್ಮನೆ ನಡೆಯುವುದಿಲ್ಲ. ಮೊದಲ ದಿನ ಬೆಳಿಗ್ಗೆ ರೈಲ್ವೆ ಗೇಟಿನ ಕಡೆ ಹೊರಟರೆ ಎದುರಿಗೆ ಸಿಕ್ಕವರೆಲ್ಲ "ಎಲ್ಲಿಗೆ?" ಎಂದರು. ಎಲ್ಲಿಗೂ ಇಲ್ಲ ಎಂದರೆ ನಿಂತು ನೋಡಿದರು. ಮೂರನೆಯ ದಿನದಿಂದ ಒಂದು ಖಾಲಿ ಹಾಲಿನ ಕ್ಯಾನು ಹಿಡಿದುಕೊಂಡೆ. ಯಾರೂ ಕೇಳಲಿಲ್ಲ. ಗೇಟಿನ ತನಕ ಹೋಗಿ, ಬೆಂಗಳೂರಿನ ಕಡೆ ಹೋಗುವ ರೈಲು ದಾಟುವುದನ್ನು ನೋಡಿ, ಖಾಲಿ ಕ್ಯಾನಿನ ಜೊತೆ ವಾಪಸು ಬರುತ್ತಿದ್ದೆ. ಕಿಟಕಿಯಲ್ಲಿ ಯಾರಾದರೂ ಮಗು ಕೈ ಬೀಸಿದರೆ ಅವತ್ತೆಲ್ಲ ಅದೇ ನೆನಪು.

ಶಾಲೆಯಲ್ಲಿ ಬೇರೆಯೇ ತೊಂದರೆ ಶುರುವಾಯಿತು. ಒಂದೂವರೆ ತಿಂಗಳಲ್ಲಿ ನನ್ನ ನಾಲಿಗೆ ಬದಲಾಗಿಹೋಗಿತ್ತು. ಮಕ್ಕಳ ಸಾಂಬಾರು ರುಚಿ ನೋಡಿದರೆ ಉಪ್ಪು ಮುಖಕ್ಕೆ ಹೊಡೆದಂತಾಗುತ್ತಿತ್ತು. ಕಡಿಮೆ ಹಾಕಿದೆ. ಮಕ್ಕಳು ಅನ್ನ ಬಿಟ್ಟು ಎದ್ದರು. ಮಾರನೆಯ ದಿನವೂ ಬಿಟ್ಟರು. ನನ್ನ ಜೊತೆ ಕೆಲಸ ಮಾಡುವ ಪಚ್ಚಿಯಮ್ಮ ಸೌಟು ನನ್ನ ಕೈಯಿಂದ ತೆಗೆದುಕೊಂಡಳು. ಅವಳದು ಮನೆಮಾತು ತಮಿಳು, ನನ್ನ ಜೊತೆ ಎರಡನ್ನೂ ಬೆರೆಸಿ ಆಡುತ್ತಾಳೆ.

"ವಿಡು ಅಕ್ಕಾ, ಬುಡು. ಇನ್ಮೇಲೆ ಉಪ್ಪು ನಾನ್ ನೋಡ್ಕೋತೀನಿ. ನೀನು ಒಗ್ಗರಣೆ ಹಾಕು, ಸಾಕು."

ನಾನು ನಕ್ಕೆ. ಆಮೇಲೆ ಸೌದೆ ತರುವ ನೆವದಲ್ಲಿ ಹಿಂದಕ್ಕೆ ಹೋಗಿ ಸ್ವಲ್ಪ ಹೊತ್ತು ನಿಂತಿದ್ದೆ.

ಮಾತ್ರೆ ಕೆಲಸ ಮಾಡಿತು. ನಾಲ್ಕನೆಯ ತಿಂಗಳು ಡಾಕ್ಟರಮ್ಮ ನೋಡಿ, ನೂರ ಮೂವತ್ತು, ಎಂಬತ್ತನಾಲ್ಕು, ತುಂಬ ಚೆನ್ನಾಗಿದೆ ಎಂದರು. "ಮಾತ್ತಿರೈ ನಿರುತ್ತಕ್ಕೂಡಾದು" ಎಂದೂ ಹೇಳಿದರು. ನಿಲ್ಲಿಸಬಾರದು ಎಂದು. ಅದು ಕೇಳಿಸಿತು, ಅರ್ಥವೂ ಆಯಿತು. ಆದರೂ ನಾನು ಮಾಡಿದ್ದನ್ನು ಮುಚ್ಚಿಡದೆ ಬರೆಯಬೇಕು.

ಅದೇ ವಾರ ಅಣ್ಣನ ಮಗಳ ನಿಶ್ಚಿತಾರ್ಥ. ಮನೆ ತುಂಬ ನೆಂಟರು. ಪಂಕ್ತಿಯಲ್ಲಿ ನನಗೂ ಎಲೆ ಹಾಕಿದರು. ಬಡಿಸುವವರು ಹಪ್ಪಳದ ಬುಟ್ಟಿ ಹಿಡಿದು ನನ್ನ ಹತ್ತಿರ ಬಂದಾಗ ಅತ್ತಿಗೆ ಆ ತುದಿಯಿಂದ, "ಅವಳಿಗೆ ಹಾಕ್ಬೇಡಿ, ಬಿಪಿ ಅದೆ" ಎಂದು ಕೂಗಿದಳು. ಪಂಕ್ತಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ಪಕ್ಕದಲ್ಲಿದ್ದ ನೆಂಟರಾಕೆ "ಅಯ್ಯೋ ಪಾಪ" ಎಂದು, ಮಾತ್ರೆ ಒಂದು ಸಲ ಶುರು ಮಾಡಿದರೆ ಸಾಯುವ ತನಕ ಬಿಡುವುದಿಲ್ಲ, ಕಿಡ್ನಿ ಹೋಗುತ್ತದೆ, ಬಿಟ್ಟುಬಿಡು ಎಂದು ಕಿವಿಯಲ್ಲಿ ಹೇಳಿದಳು. ಕೊನೆಗೆ ನನ್ನ ಎಲೆಗೆ ಬಿದ್ದದ್ದು ಬರೀ ಅನ್ನ, ಒಂದು ಬಾಳೆಹಣ್ಣು.

ಮಾರನೆಯ ದಿನ ನಾನು ಮಾತ್ರೆ ತೆಗೆದುಕೊಳ್ಳಲಿಲ್ಲ. ಏನೂ ಆಗಲಿಲ್ಲ. ಅದರ ಮಾರನೆಯ ದಿನವೂ ಏನೂ ಆಗಲಿಲ್ಲ. ವಾರ ಕಳೆದ ಮೇಲೆ ಅತ್ತಿಗೆಯ ಹತ್ತಿರ ಹೋಗಿ, "ಬಿಪಿ ವಾಸಿಯಾಗೋಯ್ತಂತೆ ಅತ್ಗೆ, ಡಾಕ್ಟ್ರು ಹೇಳುದ್ರು, ಇನ್ನು ಏನ್ ಬೇಕಾದ್ರೂ ತಿನ್ಬೋದಂತೆ" ಎಂದೆ.

"ನಿಜ್ವಾಗ್ಲೂನಾ?" ಎಂದು ಅವಳು ನನ್ನ ಎರಡೂ ಕೈ ಹಿಡಿದುಕೊಂಡಳು. ಅವತ್ತು ಸಂಜೆ ಏಳಕ್ಕೆ ಹೊಸ್ತಿಲಲ್ಲಿ ಬಟ್ಟಲು ಬಂತು. ಹುರುಳಿಕಾಳಿನ ಬಸ್ಸಾರು. ತಟ್ಟೆ ನೆಕ್ಕಿ ಉಂಡೆ. ತಿಂಗಳ ಮಾತ್ರೆ ಮನೆಗೇ ತಂದುಕೊಡುತ್ತಿದ್ದ ಆರೋಗ್ಯ ಇಲಾಖೆಯ ಹೆಂಗಸಿಗೆ ಕೆಲಮಂಗಲದಲ್ಲೇ ತಗೊಳ್ಳುತ್ತೇನೆ ಎಂದೆ. ಸುಳ್ಳಿನ ಮೇಲೆ ಸುಳ್ಳು. ಎರಡು ತಿಂಗಳು ನಾನು ಸುಖವಾಗಿದ್ದೆ. ಅದನ್ನೂ ಬರೆಯಬೇಕು.

ಅದೊಂದು ಬುಧವಾರ, ಹನ್ನೊಂದು ಗಂಟೆ ಇರಬೇಕು. ಬೆಳಿಗ್ಗೆಯಿಂದ ಎಡಗಣ್ಣಿನ ಮುಂದೆ ಏನೋ ಬೂದಿ ಬಣ್ಣದ್ದು ಅಲ್ಲಾಡುತ್ತಿತ್ತು. ಹೊಗೆ ಎಂದುಕೊಂಡು ಕಣ್ಣು ಉಜ್ಜಿಕೊಳ್ಳುತ್ತಿದ್ದೆ. ಅನ್ನದ ಪಾತ್ರೆಯ ಮೇಲೆ ಬಗ್ಗಿದಾಗ ಮೂಗಿನಿಂದ ಬೆಚ್ಚಗೆ ಏನೋ ಇಳಿಯಿತು. ಬಿಳಿ ಅನ್ನದ ಮೇಲೆ ಕೆಂಪು. ಮೊದಲು ನಾನು ಪಾತ್ರೆಯನ್ನೇ ಸರಿಸಲು ನೋಡಿದೆ, ಮಕ್ಕಳ ಅನ್ನ ಎಂದು. ಪಚ್ಚಿಯಮ್ಮ ಕಿರುಚಿಕೊಂಡು ಬಂದು ಹಿಂದಿನಿಂದ ಸೊಂಟಕ್ಕೆ ಕೈ ಹಾಕಿ ಒಲೆಯಿಂದ ಎಳೆದಳು.

"ಉಕ್ಕಾರುಂಗ ಅಕ್ಕಾ, ಕೂತ್ಕೋ, ಮುಂದಕ್ಕೆ ಬಗ್ಗು, ಮೂಗು ಬಿಗಿಯಾಗಿ ಹಿಡ್ಕೋ!"

ರಕ್ತ ನಿಲ್ಲಲಿಲ್ಲ. ಅವಳ ಸೆರಗು, ನನ್ನ ಸೆರಗು ಎರಡೂ ನೆನೆದವು. ಕೆಲಮಂಗಲದಲ್ಲಿ ಅಳೆದಾಗ ಮೇಲಿನ ಅಂಕಿ ಇನ್ನೂರ ಇಪ್ಪತ್ತು ದಾಟಿತ್ತು. ಅಲ್ಲಿಂದಲೇ ಆಂಬುಲೆನ್ಸಿನಲ್ಲಿ ಕೃಷ್ಣಗಿರಿಯ ದೊಡ್ಡಾಸ್ಪತ್ರೆಗೆ ಕಳಿಸಿದರು. ಆ ದಿನ ಮಕ್ಕಳಿಗೆ ಬಿಸ್ಕತ್ತು, ಬಾಳೆಹಣ್ಣು ಕೊಟ್ಟರಂತೆ. ಆ ಅನ್ನ ಪೂರ್ತಿ ಹಳ್ಳ ತೋಡಿ ಮುಚ್ಚಿದರಂತೆ. ದಾರಿಯುದ್ದಕ್ಕೂ ನನಗೆ ಸಾವಿನ ಯೋಚನೆ ಬರಲಿಲ್ಲ. ಕೈಕಾಲು ಬಿದ್ದುಹೋದರೆ ನನ್ನನ್ನು ಯಾರು ಎತ್ತುತ್ತಾರೆ, ಅದೊಂದೇ ಯೋಚನೆ. ಬೆರಳುಗಳನ್ನು ಒಂದೊಂದಾಗಿ ಮಡಚಿ ಬಿಚ್ಚಿ ನೋಡಿಕೊಳ್ಳುತ್ತಿದ್ದೆ. ಪಚ್ಚಿಯಮ್ಮ ಅದನ್ನು ನೋಡಿ ಆ ಕೈ ಹಿಡಿದುಕೊಂಡವಳು ಕೃಷ್ಣಗಿರಿಯ ತನಕ ಬಿಡಲಿಲ್ಲ.

ವಾರ್ಡಿನಲ್ಲಿ ನರ್ಸ್ ಬಂದು, "ಕೂಡ ಯಾರ್ ವಂದಿರುಕ್ಕಾಂಗ?" ಎಂದರು. ಜೊತೆಗೆ ಯಾರು ಬಂದಿದ್ದಾರೆ ಎಂದು. ನಾನು ಬಾಯಿ ತೆರೆಯುವುದರೊಳಗೆ ಪಚ್ಚಿಯಮ್ಮ "ನಾನು, ತಂಗಚ್ಚಿ" ಎಂದಳು. ತಂಗಿ ಎಂದು. ನರ್ಸ್ ನಮ್ಮಿಬ್ಬರ ಮುಖವನ್ನೂ ನೋಡಿ, ಏನೂ ಕೇಳದೆ ಬರೆದುಕೊಂಡರು.

ಸಂಜೆ ಅಣ್ಣ ಫ್ಯಾಕ್ಟರಿಯ ಸಮವಸ್ತ್ರದಲ್ಲೇ ಬಂದ. ಅತ್ತಿಗೆಯೂ ಬಂದಳು. ಆ ಹೊತ್ತಿಗೆ ಡಾಕ್ಟರು ಎಲ್ಲವನ್ನೂ ಕೇಳಿ ತಿಳಿದುಕೊಂಡಿದ್ದರು, ಮಾತ್ರೆ ಯಾವತ್ತು ನಿಲ್ಲಿಸಿದ್ದು ಎನ್ನುವುದನ್ನೂ. ಅವರು ಅದನ್ನು ಅಣ್ಣನಿಗೆ ಹೇಳುವಾಗ ನಾನು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದೆ.

"ಯಾಕ್ ಹಿಂಗ್ ಮಾಡ್ಬುಟ್ಟೆ ರತ್ನಾ? ನಮ್ಗೇ ಸುಳ್ಳು ಹೇಳ್ಬುಟ್ಟೆ" ಎಂದ ಅಣ್ಣ. ಕಾಫಿ ತರುತ್ತೇನೆಂದು ಎದ್ದುಹೋದ.

ಅತ್ತಿಗೆ ಹೋಗಲಿಲ್ಲ. ಮಂಚದ ಕಂಬಿ ಹಿಡಿದು ನಿಂತಿದ್ದಳು.

"ನಮ್ಮಮ್ಮ ಹೆಂಗ್ ಹೋದ್ಳು ಅಂತ ನಿಂಗೆ ಗೊತ್ತಾ?" ಎಂದಳು. ನನಗೆ ಗೊತ್ತಿರಲಿಲ್ಲ. ಅವಳ ಮದುವೆಗೆ ಮೊದಲಿನ ಮಾತು ಅದು, ಯಾರೂ ನನಗೆ ಹೇಳಿರಲಿಲ್ಲ. "ಇದೇ ಬಿಪಿ. ಹೊಲದಲ್ಲೇ ಬಿದ್ಬುಟ್ಳು. ಒಂದ್ ಕಡೆ ಕೈಕಾಲು ಹೋಗಿ ಎರಡು ವರ್ಷ ಮಲಗಿದ್ದಲ್ಲೇ ಇದ್ಳು. ನಾನೇ ಎತ್ತಿ ಇಳಿಸಿದ್ದು. ನಿಂಗೆ ಸಾರು ಕೊಡೋದ್ ನಿಲ್ಲಿಸ್ದಾಗ ನಂಗೇನು ಸಂತೋಸ ಆಯ್ತು ಅನ್ಕೊಂಡ್ಯಾ? ಎರಡು ತಿಂಗ್ಳು ನನ್ ಕೈಯಾರೆ ನಿಂಗೆ ಇಸ ಹಾಕುಸ್ದಲ್ಲೆ."

ಬಟ್ಟಲಿಗಾಗಿ ಸುಳ್ಳು ಹೇಳಿದೆ ಎಂದು ಯಾವ ಬಾಯಲ್ಲಿ ಹೇಳಲಿ? ಅವಳು ಸೆರಗಿನಲ್ಲಿ ಮೂಗು ಒರೆಸಿಕೊಂಡು ಹೊರಗೆ ಹೋದಳು.

ಆಸ್ಪತ್ರೆಯಲ್ಲಿ ನಾಲ್ಕು ದಿನ ಇದ್ದೆ. ಕಣ್ಣಿನ ಒಳಗೂ ರಕ್ತ ಇಳಿದಿತ್ತು. ತಿಂಗಳುಗಟ್ಟಲೆ ತೆಗೆದುಕೊಂಡು ಅದು ಕರಗಿತು, ಪೂರ್ತಿ ಅಲ್ಲ. ಈಗಲೂ ಎಡಗಣ್ಣಿನ ಅಂಚಿನಲ್ಲಿ ಒಂದು ಮಸುಕು ಇದೆ. ಅಕ್ಕಿ ಆರಿಸುವಾಗ ತಲೆ ಸ್ವಲ್ಪ ಓರೆ ಮಾಡುತ್ತೇನೆ. ಈಗ ಎರಡು ಮಾತ್ರೆ, ಬೆಳಿಗ್ಗೆ ಒಂದು, ಸಂಜೆ ಒಂದು.

ಊರಿಗೆ ಬಂದ ಮೇಲಿನ ಆರು ತಿಂಗಳು ಎಲ್ಲಕ್ಕಿಂತ ಕಷ್ಟದ್ದು. ಅನ್ನದ ಮೇಲೆ ರಕ್ತ ಬಿದ್ದ ಸುದ್ದಿ ನನಗಿಂತ ಮೊದಲು ಊರು ಸೇರಿತ್ತು. ಅದು ಅಂಟುವ ಕಾಯಿಲೆ ಎಂದು ಇಬ್ಬರು ಮೂವರು ತಾಯಂದಿರು ಮಕ್ಕಳಿಗೆ ಬುತ್ತಿ ಕಟ್ಟಿ ಕಳಿಸತೊಡಗಿದರು. ನಾನು ಪಾತ್ರೆ ಮುಟ್ಟಿದರೆ ಊಟ ಬೇಡ ಎಂದು ಒಬ್ಬಾಕೆ ಶಾಲೆಗೇ ಬಂದು ಹೇಳಿದಳು. ಹೆಡ್ಮಿಸ್ಸು ಒಳ್ಳೆಯವರು. ಆದರೂ ಒಂದು ತಿಂಗಳು ಮನೆಯಲ್ಲಿ ಸುಧಾರಿಸಿಕೊಳ್ಳಿ ಎಂದರು. ಆ ತಿಂಗಳು ಶಾಲೆಯ ಗಂಟೆ ಮನೆಯಿಂದ ಕೇಳಿಸಿಕೊಂಡು, ಈಗ ಅನ್ನ ಬಸಿಯುವ ಹೊತ್ತು, ಈಗ ಎಲೆಕೋಸು ಹೆಚ್ಚುವ ಹೊತ್ತು ಎಂದು ಎಣಿಸುತ್ತಿದ್ದೆ. ವಾಪಸು ಹೋದ ದಿನ ಪಚ್ಚಿಯಮ್ಮ ಊಟದ ಹೊತ್ತಿಗೆ ಬಂದ ಆ ತಾಯಿಯನ್ನು ಅಡುಗೆಮನೆಯ ಬಾಗಿಲಲ್ಲೇ ನಿಲ್ಲಿಸಿ, "ಬಿಪಿ ಅಂಟ್ಕೊಳ್ಳೋದಾದ್ರೆ ಮೊದ್ಲು ನಂಗೆ ಅಂಟ್ಬೇಕು, ನೋಡು" ಎಂದು ನನ್ನ ತಟ್ಟೆಯಿಂದಲೇ ತುತ್ತು ತೆಗೆದು ಬಾಯಿಗಿಟ್ಟುಕೊಂಡಳು. ಅದು ನನ್ನ ಸಪ್ಪೆ ಅನ್ನ. ಮುಖ ಕಿವುಚದೆ ನುಂಗಿದಳು, ಅದಕ್ಕೆ ಅವಳಿಗೆ ಕೈ ಮುಗಿಯಬೇಕು. ಬುತ್ತಿಗಳು ನಿಧಾನಕ್ಕೆ ಕಡಿಮೆಯಾದವು.

ಅತ್ತಿಗೆ ಅಗತ್ಯಕ್ಕೆ ಮಾತ್ರ ಬಾಯಿ ಬಿಡುತ್ತಿದ್ದಳು. ನೀರು ಬಂತು, ಕರೆಂಟು ಹೋಯಿತು, ಅಷ್ಟೇ. ಸಾರು ಮತ್ತೆ ಬರಲಿಲ್ಲ. ನಾನೂ ಕೇಳಲಿಲ್ಲ. ನನ್ನ ಸಪ್ಪೆ ಸಾರಿಗೆ ನಿಂಬೆಹಣ್ಣು, ಹುರಿದ ಜೀರಿಗೆ, ಕೊತ್ತಂಬರಿ ಸೇರಿಸಿ ಒಂದು ರುಚಿ ಹುಡುಕಿಕೊಂಡೆ. ಒಬ್ಬಳ ಅಳತೆಯೂ ಕೈಗೆ ಬಂತು.

ಹೀಗೆ ಹೆಚ್ಚು ಕಡಿಮೆ ಒಂದು ವರ್ಷ. ಈ ಸಂಕ್ರಾಂತಿಯಾದ ಮೇಲಿನ ಒಂದು ಬೆಳಿಗ್ಗೆ, ನಾನು ಕೆಲಮಂಗಲಕ್ಕೆ ತಿಂಗಳ ತಪಾಸಣೆಗೆ ಹೊರಟಿದ್ದಾಗ ಅತ್ತಿಗೆ ಬಾಗಿಲಲ್ಲಿ ನಿಂತಿದ್ದಳು. ತಲೆ ಬಾಚಿ, ಒಳ್ಳೆಯ ಸೀರೆ ಉಟ್ಟಿದ್ದಳು.

"ನಾನೂ ಬತ್ತೀನಿ."

"ಯಾಕತ್ಗೆ, ಸಂತೆಗಾ?"

"ನಂದೂ ನೋಡ್ಸು" ಎಂದಳು. "ನಮ್ಮಮ್ಮ ಬಿದ್ದಾಗ ನನ್ನಷ್ಟೇ ವಯಸ್ಸು. ಇಷ್ಟು ದಿನ ಎದ್ರುಕೊಂಡು ಪಟ್ಟಿ ಕಟ್ಟಿಸ್ಕೊಂಡೇ ಇಲ್ಲ. ಈಗೊಂದು ವಾರದಿಂದ ತಲೆ ದಿಮ್ ಅಂತದೆ."

ಆಸ್ಪತ್ರೆಯಲ್ಲಿ ಅವಳ ಸರದಿ ಬಂದಾಗ ನಾನು ಬಾಗಿಲ ಹತ್ತಿರ ನಿಂತೆ. ಪಟ್ಟಿಯ ಗಾಳಿ ಏರುವ ಸದ್ದು ಕೇಳುತ್ತಿತ್ತು. ಈಗ ಬರೆಯುವ ಮಾತು ನನಗೆ ನಾಚಿಕೆ ತರುವಂಥದ್ದು. ಆ ಅರ್ಧ ನಿಮಿಷದಲ್ಲಿ ನನ್ನ ಒಳಗೆ ಯಾವುದೋ ಒಂದು ಮೂಲೆ, ಅಂಕಿ ಹೆಚ್ಚೇ ಬರಲಿ ಎಂದು ಬೇಡಿಕೊಂಡಿತು. ಇಬ್ಬರೂ ಒಟ್ಟಿಗೆ ಮಾತ್ರೆ ನುಂಗುತ್ತೇವೆ, ಒಟ್ಟಿಗೆ ಗೇಟಿನ ತನಕ ನಡೆಯುತ್ತೇವೆ, ಗೋಡೆಯ ಎರಡೂ ಕಡೆ ಒಂದೇ ಸಪ್ಪೆ ಸಾರು ಕುದಿಯುತ್ತದೆ ಎಂದು. ಅವಳ ತಾಯಿ ಹೊಲದಲ್ಲಿ ಬಿದ್ದದ್ದು ಗೊತ್ತಿದ್ದೂ ಹಾಗೆ ಬೇಡಿಕೊಂಡೆ. ಕಾಯಿಲೆ ಮನುಷ್ಯನನ್ನು ಅಷ್ಟು ಒಂಟಿ ಮಾಡುತ್ತದೆ. ನನ್ನ ಹಾಗೆ ಯಾರಿಗಾದರೂ ಇಂಥ ಯೋಚನೆ ಬಂದಿದ್ದರೆ, ನನಗೂ ಬಂದಿತ್ತು ಎಂದು ಅವರಿಗೆ ತಿಳಿಯಲಿ ಎಂದೇ ಇದನ್ನೆಲ್ಲ ಬರೆದೆ.

"ನೂರಿಪ್ಪತ್ತು, ಎಂಬತ್ತು. ಏನೂ ತೊಂದರೆ ಇಲ್ಲ. ಶೀತಕ್ಕೆ ತಲೆ ಭಾರ ಅಷ್ಟೆ" ಎಂದರು ನರ್ಸ್.

ಅತ್ತಿಗೆ ಹೊರಗೆ ಬಂದು ಬೆಂಚಿನ ಮೇಲೆ ಕುಸಿದು ಅತ್ತಳು. ಅಷ್ಟು ಜನರ ಮುಂದೆ, ಸದ್ದು ಮಾಡಿ. ನಾನು ಅವಳ ಬೆನ್ನು ಸವರಿದೆ. "ಒಳ್ಳೇದಾಯ್ತು ಬುಡು ಅತ್ಗೆ, ಒಳ್ಳೇದಾಯ್ತು" ಎಂದೆ. ಹೇಳುತ್ತ ಹೇಳುತ್ತ ಆ ಮಾತು ನಿಜವಾಗುತ್ತ ಬಂತು. ಆಮೇಲೆ ನನ್ನ ಹೆಸರು ಕರೆದರು. ನನ್ನದು ನೂರ ಮೂವತ್ತಾರು. ಅವಳು ಕಣ್ಣೊರೆಸಿಕೊಂಡು ನನ್ನ ನೋಟುಪುಸ್ತಕ ಇಸಿದುಕೊಂಡು, ಹಳೆಯ ಹಾಳೆಗಳನ್ನೆಲ್ಲ ತಿರುವಿ ಅಂಕಿಗಳ ಮೇಲೆ ಬೆರಳಾಡಿಸಿದಳು.

ವಾಪಸು ಬರುವಾಗ ಕಿಟಕಿಯ ಸೀಟು ಅವಳಿಗೆ ಕೊಟ್ಟೆ. ವಾರದಿಂದ ನಿದ್ದೆ ಇರಲಿಲ್ಲವೇನೋ, ಬಸ್ಸು ಕೆಲಮಂಗಲ ಬಿಡುವುದರೊಳಗೆ ಕಣ್ಣು ಮುಚ್ಚಿದಳು. ಮೊದಲ ತಿರುವಿನಲ್ಲಿ ಅವಳ ತಲೆ ಜಾರಿ ನನ್ನ ಭುಜಕ್ಕೆ ಬಂತು. ನಮ್ಮ ಊರು ಬರುವ ತನಕ ನಾನು ಅಲುಗಾಡದೆ ಕೂತಿದ್ದೆ.